ಕಿವುಡಾದ ದಿಕ್ಕು

ಸಾಸ್ವೆಹಳ್ಳಿ ಹತ್ತಿರದ ನಮ್ಮ ಟವರಿನಲ್ಲಿ ಮೂರು ತಿಂಗಳಿಂದ ಬರೀ ಗೊರಗೊರ ಸದ್ದು. ಯಾರು ಮಾತಾಡಿದರೂ ಅರ್ಧಕ್ಕೇ ಕಟ್ಟಾಗುತ್ತಿತ್ತು. ನಾನು ಯಶೋಧರಾ, ಮೊಬೈಲ್ ಕಂಪನಿಯ ಎಂಜಿನಿಯರ್. ಚನ್ನಗಿರಿಯಿಂದ ಹೋಗಿ ಹುಡುಕಿದೆ. ರೈಸ್ ಮಿಲ್ಲಿನ ಗುರುಬಸವರಾಜ್ ಮಾಳಿಗೆಯ ಮೇಲೆ ಸಿಗ್ನಲ್ ಹೆಚ್ಚಿಸುವ ಕಳ್ಳ ಬೂಸ್ಟರ್ ಹಾಕಿಸಿಕೊಂಡಿದ್ದರು. ಸದ್ದೆಲ್ಲ ಅದರದೇ. ತೆಗೆಯಿರಿ ಎಂದರೆ, ಮೊದಲು ನಿಮ್ಮ ಟವರ್ ಸರಿ ಮಾಡಿಕೊಳ್ಳಿ ಎಂದರು.

ದೊಡ್ಡವರ ಜೊತೆ ಜಗಳ ಯಾರಿಗೆ ಬೇಕು? ನಮ್ಮ ಹೊಸ ಆಂಟೆನಾಕ್ಕೆ ಒಂದು ಗುಣವಿದೆ. ಗದ್ದಲ ಬರುವ ದಿಕ್ಕನ್ನು ತಾನೇ ಕಂಡುಹಿಡಿದು ಅತ್ತ ಕಿವಿ ಮುಚ್ಚಿಕೊಳ್ಳುತ್ತದೆ. ಅದನ್ನು ಚಾಲೂ ಮಾಡಿದೆ. ಊರಿನ ಫೋನುಗಳು ಸರಿಹೋದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಫೀಸಿನಲ್ಲಿ ಶಹಬ್ಬಾಸ್‌ಗಿರಿ ಸಿಕ್ಕಿತು. ಅದೇ ದಿಕ್ಕಿನಲ್ಲಿ, ಮಿಲ್ಲಿನ ಹಿಂದೆ ಯಾರ ಮನೆಯಿದೆ ಎಂದು ನೋಡುವ ವ್ಯವಧಾನ ನನಗಿರಲಿಲ್ಲ.

ಎರಡು ತಿಂಗಳ ಮೇಲೆ ದೂರು ಬಂತು. ಫೋನಿನಲ್ಲಿ ಸಿಗ್ನಲ್ ಕಡ್ಡಿ ನಾಲ್ಕೂ ಇವೆ, ಆದರೆ ಕರೆ ಹೋಗುವುದಿಲ್ಲ, ಬರುವುದೂ ಇಲ್ಲ. ಹೋಗಿ ನೋಡಿದರೆ ಮಿಲ್ಲಿನ ಹಿಂದಿನ ಒಂಟಿ ಮನೆ, ನಾಗೇಂದ್ರಪ್ಪನವರದು. ಜಗಳೂರು ಕಡೆಗೆ ಕೊಟ್ಟಿದ್ದ ಅವರ ಅಕ್ಕ ಹಿಂದಿನ ತಿಂಗಳು ತೀರಿಕೊಂಡಿದ್ದರು. ತವರಿನ ಸೀರೆ ಹೊದಿಸದೆ ಹೆಣ್ಣುಮಗಳನ್ನು ಮಣ್ಣು ಮಾಡುವುದಿಲ್ಲ. ತವರೆಂದು ಉಳಿದಿದ್ದವರು ಇವರೊಬ್ಬರೇ. ಇವರಿಗೆ ಸುದ್ದಿ ಮುಟ್ಟಿದ್ದು ನಾಲ್ಕನೆಯ ದಿನ, ಬಸ್ಸಿನಲ್ಲಿ ಬಂದ ಯಾರದೋ ಬಾಯಲ್ಲಿ. ಅಕ್ಕನ ಮಗ ಓಬಳೇಶನಿಗೆ ಯಾವ ಮುಖ ತೋರಿಸಲಿ ಎಂದು ಎರಡು ಸಲ ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದಲೇ ವಾಪಸಾಗಿದ್ದರಂತೆ.

“ಕಡ್ಡಿ ತುಂಬಾ ಇದ್ವಲ್ಲಮ್ಮ. ಫೋನ್ ಸರಿ ಐತೆ ಅಂದ್ಕಂಡಿದ್ದೆ,” ಎಂದರು.

ಟವರಿನ ಮಾತು ಅವರ ಫೋನಿಗೆ ಕೇಳುತ್ತಿತ್ತು, ಅವರ ಫೋನಿನ ಮಾತು ಟವರಿಗೆ ಕೇಳುತ್ತಿರಲಿಲ್ಲ. ಕೇಳದ ಹಾಗೆ ಮಾಡಿದವಳು ನಾನು.

ಮಿಲ್ಲಿಗೆ ಹೋಗಿ, ಮೊದಲ ದಿನವೇ ಮಾಡಬೇಕಿದ್ದ ಜಗಳ ಮಾಡಿ ಬೂಸ್ಟರ್ ಬಿಚ್ಚಿಸಿದೆ. ಲ್ಯಾಪ್‌ಟಾಪ್ ತೆಗೆದು ಆಂಟೆನಾ ಸರಿಮಾಡಿದೆ. ನಾಗೇಂದ್ರಪ್ಪನವರ ಫೋನಿನಿಂದ ನಾನೇ ಓಬಳೇಶನಿಗೆ ಕರೆ ಹಚ್ಚಿ ಸ್ಪೀಕರ್ ಹಾಕಿದೆ. ತಪ್ಪು ನನ್ನದು, ನಿಮ್ಮ ಮಾವನದಲ್ಲ ಎಂದು ನಡೆದದ್ದೆಲ್ಲ ಹೇಳಿದೆ.

“ಹೊತ್ತು ಮುಳುಗೋತನಕ ಫೋನ್ ಮಾಡಿದ್ವಿ, ಮಾವ,” ಎಂದ ಓಬಳೇಶ್. “ಆಮೇಲೆ ಜಗಳೂರಿಗೆ ಹೋಗಿ ನಾನೇ ಸೀರೆ ತಂದೆ. ತವರಿನೋರು ಬರ್ಲಿಲ್ಲ ಅಂತ ಯಾರೂ ಅವ್ವನ್ನ ಆಡ್ಕಬಾರ್ದಲ್ಲ. ಮಾವ ಕೊಟ್ಟು ಕಳ್ಸ್ಯಾರೆ ಅಂತ ಎಲ್ರಿಗೂ ಹೇಳಿ ಹೊದಿಸ್ದೆ.”

ನಾಗೇಂದ್ರಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಸ್ವಲ್ಪ ಸಾವರಿಸಿಕೊಂಡು ಫೋನಿನ ಹತ್ತಿರ ಬಾಗಿದರು.

“ಯಾವ ಬಣ್ಣದ್ದಪ್ಪ, ನಾ ಕೊಟ್ಟ ಸೀರೆ?”