ಊರ ಹೊರಗೆ ಕೂತ ಯೋನ

ವೆಲ್ಡರನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಬೋಳು ತಲೆ, ಕೊನೆಗೆ ಬಾಯಿ ತೆರೆಯುತ್ತಿತ್ತು. ಚರ್ಚಿನ ಮಕ್ಕಳು ಅವನಿಗೆ ಕಿಡಿ ಮಾಮ ಎಂದು ಹೆಸರಿಟ್ಟಿದ್ದರು. ಹೆಸರು ದೊಡ್ಡವರ ಬಾಯಿಗೂ ಹತ್ತಿತ್ತು, ಅವನೆದುರು ಮಾತ್ರ ಯಾರೂ ಅನ್ನುತ್ತಿರಲಿಲ್ಲ. ಅನ್ನುವ ಧೈರ್ಯ ಇದ್ದವಳು ಹೆಂಡತಿ ಒಬ್ಬಳೇ. ಅವಳೋ ಅದಕ್ಕಿಂತ ಕೆಟ್ಟ ಹೆಸರುಗಳನ್ನು ಇಟ್ಟುಕೊಂಡಿದ್ದಳು.

ಚರ್ಚಿನ ಗೇಟು ಅವನದೇ ಕೈಕೆಲಸ. ಕಾಣಿಕೆಯೆಂದು ಮಾಡಿಕೊಟ್ಟಿದ್ದ. ಕಬ್ಬಿಣದ ಸರಳುಗಳನ್ನು ಕಾಯಿಸಿ ಬಗ್ಗಿಸಿ ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದ. ಎರಡು ಬಾಗಿಲು ಸೇರುವ ಜಾಗದಲ್ಲಿ ಶಿಲುಬೆ. ಗೇಟು ತೆರೆದರೆ ಶಿಲುಬೆ ಅರ್ಧ ಆಚೆ, ಅರ್ಧ ಈಚೆ. ಮುಚ್ಚಿದರೆ ಎರಡೂ ಕೂಡಿ ಒಂದಾಗುತ್ತಿತ್ತು. ಅದು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂಡಬೇಕೆಂದು ಅವನು ಎಷ್ಟು ಸಲ ಬಿಚ್ಚಿ ಎಷ್ಟು ಸಲ ಜೋಡಿಸಿದ್ದನೋ.

ಆ ಗೇಟಿಗೆ ಒಂದು ಸಂಜೆ ಲಾರಿ ಡ್ರೈವರೊಬ್ಬ ಕಂಠಪೂರ್ತಿ ಕುಡಿದು ಬಂದು ಗುದ್ದಿದ. ಅವನೂ ಅದೇ ಚರ್ಚಿನ ಸಭೆಯವನು. ಬಳ್ಳಿ ಚಪ್ಪಟೆಯಾಯಿತು. ಶಿಲುಬೆಯ ಒಂದು ಭಾಗ ಕೆಳಕ್ಕೆ ಕೂತು, ಗೇಟು ಮುಚ್ಚಿದರೂ ಎರಡು ತುಂಡು ಕೂಡದೇ ಹೋದವು.

ಅದಾದ ಮೇಲೆ ಡ್ರೈವರು ಕುಡಿತ ಬಿಟ್ಟ. ದೇವರು ತಮ್ಮನ್ನು ತಿದ್ದಿದ ಬಗೆಯನ್ನು ಎಲ್ಲರೆದುರು ಸಾಕ್ಷಿ ಹೇಳುವ ಭಾನುವಾರ ಎದ್ದು ನಿಂತು, ತಾನು ದೇವರ ಮನೆಯ ಬಾಗಿಲಿಗೇ ಗುದ್ದಿದವನು, ಗುದ್ದಿದ್ದರಿಂದಲೇ ಎಚ್ಚರಾದವನು ಎಂದು ಗಳಗಳ ಅತ್ತ. ಸಭೆಯೆಲ್ಲ ಅತ್ತಿತು. ಪಾಸ್ಟರ್ ತಬ್ಬಿಕೊಂಡರು. ವೆಲ್ಡರ್ ಅಳಲಿಲ್ಲ. ಅಲ್ಲಿಗೇ ನಿಂತಿದ್ದರೆ ಅವನು ಸುಮ್ಮನಿರುತ್ತಿದ್ದನೇನೋ. ಆದರೆ ಕಮಿಟಿಯವರು ಕೂತು, ಭಾನುವಾರ ಗೇಟು ತೆರೆದು ಬಂದವರನ್ನು ಕರೆದು ಕೂರಿಸುವ ಕೆಲಸವನ್ನು ಡ್ರೈವರಿಗೇ ಒಪ್ಪಿಸಿದರು.

"ನನ್ನ ಗೇಟು ಮುರಿದವನ ಕೈಗೇ ಗೇಟಿನ ಬೀಗದ ಕೈಯಾ?" ವೆಲ್ಡರ್ ಎದ್ದು ನಿಂತ. ತಲೆ ಆಗಲೇ ಕೆಂಪಾಗಿತ್ತು.

"ಗೇಟು ನಿಮ್ಮದಲ್ಲಣ್ಣಾ, ದೇವರದ್ದು. ನೀವೇ ಕೊಟ್ರಲ್ಲ," ಎಂದರು ಪಾಸ್ಟರ್.

"ಕೊಟ್ಟಿದ್ದು ದೇವರಿಗೆ. ಲಾರಿಗಲ್ಲ!"

ಯಾರೋ ಹಿಂದಿನಿಂದ ಕಿಸಕ್ಕೆಂದರು. ವೆಲ್ಡರ್ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಆ ಮನುಷ್ಯ ಬಾಗಿಲ ಬಳಿ ಇರುವತನಕ ಆ ಗೇಟು ದಾಟುವುದಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದ.

ಆದರೆ ಭಾನುವಾರ ಬಂದರೆ ಮನೆಯಲ್ಲಿ ಕೂರಲಾಗದು. ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು ಇಳಿಸಿ, ತಾನು ಚರ್ಚಿನ ಪಕ್ಕದ ಬೀದಿಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ಅದರ ಮೇಲೆಯೇ ಕೂರುತ್ತಿದ್ದ. ಒಳಗೆ ಹಾಡು ಶುರುವಾದರೆ ಹೊರಗಿನಿಂದಲೇ ದನಿಗೂಡಿಸುತ್ತಿದ್ದ, ಅದೂ ಒಳಗಿನವರಿಗಿಂತ ಜೋರಾಗಿ.

"ಒಳಗೂ ಇಲ್ಲ, ಹೊರಗೂ ಇಲ್ಲ. ಇದೆಂಥ ಭಕ್ತಿ ನಿಮ್ದು?" ಎಂದು ಹೆಂಡತಿ ತಿವಿದಳು.

"ದೇವರ ಮೇಲೆ ನಂಗೇನೂ ಸಿಟ್ಟಿಲ್ಲ ಕಣೇ. ಅವನು ಸೇರಿಸ್ಕೊಂಡಿರೋ ಜನದ ಮೇಲೆ."

ಡ್ರೈವರು ಒಮ್ಮೆ ಆ ಮರದವರೆಗೂ ಬಂದ. ಕೈಕಟ್ಟಿ ನಿಂತು ಹೇಳಿದ: "ಅಣ್ಣಾ, ಗೇಟು ಬಿಚ್ಚಿ ನಿಮ್ಮ ಶೆಡ್ಡಿಗೆ ತಂದು ಕೊಡ್ತೀನಿ. ನೀವು ಕಾಯಿಸಿ ಹಿಡೀರಿ, ನಾನು ಸುತ್ತಿಗೆ ಹೊಡೀತೀನಿ. ಸರಿ ಮಾಡೋಣ."

"ಅದರ ಮೇಲೆ ನಿನ್ನ ಕೈ ಒಂದ್ಸಲ ಬಿದ್ದಿದ್ದೇ ಸಾಕು. ಹೋಗೋ!"

ಡ್ರೈವರು ತಲೆ ತಗ್ಗಿಸಿ ಹೋದ. ಗೇಟು ಸೊಟ್ಟಗೇ ಉಳಿಯಿತು. ಬೇರೆ ಯಾರಾದರೂ ರಿಪೇರಿಗೆ ಕೈಹಾಕಿದರೆ ಕೈ ಮುರಿಯುತ್ತೇನೆ ಎಂದು ವೆಲ್ಡರ್ ಮೊದಲೇ ಹೇಳಿಟ್ಟಿದ್ದ.

ಮರದ ಎದುರಿನ ಕಿಟಕಿ ಮಕ್ಕಳ ಕೋಣೆಯದು. ಪಾಸ್ಟರ ಬೋಧನೆ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಟೈಲರಕ್ಕನ ಕತೆ. ಟೈಲರಕ್ಕ ಬೀದಿಯ ಮೂಲೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು, ಗಂಡ ಸತ್ತವಳು, ಮಕ್ಕಳಿಲ್ಲದವಳು. ಭಾನುವಾರ ಮಾತ್ರ ಚಾಪೆಯ ತುಂಬ ಮಕ್ಕಳು ಅವಳಿಗೆ. ಬೈಬಲ್ಲಿನ ಕತೆಯನ್ನು ಅವಳು ಸತ್ಯವೇದದಲ್ಲಿ ಇರುವಷ್ಟೇ ಎಂದೂ ಹೇಳಿದವಳಲ್ಲ. ಪ್ರಳಯದ ದಿನ ನೋಹನ ಹೆಂಡತಿ ನಾವೆಯೊಳಗೆ ಕಾಲಿಡುವಾಗ ಗಂಡನಿಗೆ, "ಆನೆಗೆ ಜಾಗ ಇದೆ, ನನ್ನ ಒಲೆಗೆ ಇಲ್ವಾ?" ಎಂದು ಕೇಳುತ್ತಿದ್ದಳು. ದೈತ್ಯ ಗೊಲ್ಯಾತನ ತಾಯಿ ಮಗನ ಅಂಗಿಗೆ ಬಟ್ಟೆ ಸಾಲದೆ ಪರದೆ ಹರಿಯುತ್ತಿದ್ದಳು. ಮಕ್ಕಳು ಹೊಟ್ಟೆ ಹಿಡಿದು ನಗುವಾಗ ಹೊರಗೆ ಸ್ಕೂಟರಿನ ಮೇಲೆ ವೆಲ್ಡರನೂ ನಗುತ್ತಿದ್ದ. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ಅದನ್ನೂ ಮರೆತು. ಶನಿವಾರ ಬಂದರೆ ನಾಳೆ ಏನು ಕತೆಯೋ ಎಂದು ಅವನ ಮನಸ್ಸು ಕಾಯುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಒಂದು ಭಾನುವಾರ ಯೋನನ ಕತೆ ಬಂತು. ದೇವರು ಹೇಳಿದ ಊರಿಗೆ ಹೋಗದೆ ಓಡಿದ ಪ್ರವಾದಿ ಯೋನನನ್ನು ಮೀನು ನುಂಗಿತು, ಕಕ್ಕಿತು. ಯೋನ ಆ ಪಾಪದ ಊರು ನಿನೆವೆಗೆ ಹೋಗಿ ನಿಮಗೆ ಉಳಿಗಾಲವಿಲ್ಲ ಎಂದು ಸಾರಿದ. ಊರಿನವರು ಅತ್ತು ತಿದ್ದಿಕೊಂಡರು, ದೇವರು ಕ್ಷಮಿಸಿಬಿಟ್ಟ.

"ಯೋನನಿಗೆ ಬಂತು ನೋಡಿ ಸಿಟ್ಟು!" ಎಂದಳು ಟೈಲರಕ್ಕ ಒಳಗೆ. "ಇಂಥವರನ್ನೆಲ್ಲ ಕ್ಷಮಿಸ್ತೀಯಾ? ಹಾಗಾದ್ರೆ ನಾನು ಈ ಊರೊಳಗೆ ಇರಲ್ಲ ಅಂತ ಊರಾಚೆ ಹೋಗಿ ಕೂತ. ಸೋರೆ ಬಳ್ಳಿಯ ನೆರಳಲ್ಲಿ. ಹುಳ ಬಂದು ಬಳ್ಳಿ ಕಡೀತು. ಬಿಸಿಲು ನೆತ್ತಿಗೆ ಬಿತ್ತು. ಪಾಪ, ತಲೇಲಿ ಕೂದಲೂ ಇರಲಿಲ್ಲ!"

ಮಕ್ಕಳು ಕಿರುಚಿ ನಕ್ಕರು. ಹೊರಗೆ ವೆಲ್ಡರನ ಕೈ ತಾನಾಗಿ ನೆತ್ತಿಗೆ ಹೋಯಿತು. ಕಿವಿ ಕೆಂಪಾಯಿತು.

"ಸೋರೆ ಬಳ್ಳಿಗೆ ಇಷ್ಟು ಮರುಗ್ತೀಯಲ್ಲೋ, ಇಷ್ಟು ಜನ ಇರೋ ಊರಿಗೆ ನಾನು ಮರುಗಬಾರದಾ ಅಂತ ದೇವರು ಕೇಳಿದ. ಯೋನ ಎದ್ದ, ಬಟ್ಟೆಯ ಮಣ್ಣು ಕೊಡವಿದ. ಊರ ಬಾಗಿಲ ತನಕ ಬಂದ, ಒಳಗೆ ಹೋಗೋಕೆ ನಾಚಿಕೆ. ಬಾಗಿಲು ಕಾಯೋನು ನೋಡಿದ. ಎಷ್ಟು ಬೈದೆ ನಮ್ಮನ್ನ ಅಂತ ಅವನೇನೂ ಅನ್ನಲಿಲ್ಲ. ಬನ್ನಿ ಅಣ್ಣಾ, ಎಷ್ಟು ಹೊತ್ತಿಂದ ಬಿಸಿಲಲ್ಲಿ ಕೂತಿದ್ದೀರಿ, ನೀರು ಕುಡೀರಿ ಅಂದ."

ವೆಲ್ಡರ್ ಸ್ಕೂಟರಿನಿಂದ ಧುಮುಕಿದ. ಗೇಟಿನ ಕಡೆಗೆ ಧಾವಿಸಿದ. ಅಲ್ಲಿ ನಿಂತಿದ್ದ ಡ್ರೈವರನ ಮುಖ ಅರಳಿತು.

"ಬನ್ನಿ ಅಣ್ಣಾ," ಎಂದ ಅವನು.

ವೆಲ್ಡರ್ ಅವನನ್ನು ಪಕ್ಕಕ್ಕೆ ನೂಕಿ ಒಳಗೆ ನುಗ್ಗಿದ. ಎಷ್ಟೋ ತಿಂಗಳ ಮೇಲೆ ಆ ಗೇಟು ದಾಟಿದ್ದು ಅವತ್ತು, ಅದೂ ಜಗಳಕ್ಕೆ. ಮಕ್ಕಳ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿದ.

"ಯಾವ ಅಧ್ಯಾಯ? ಯಾವ ವಚನ? ಬಾಗಿಲು ಕಾಯೋನು ನೀರು ಕೊಟ್ಟ ಅಂತ ಎಲ್ಲಿ ಬರ್ದಿದೆ, ತೋರ್ಸಿ!"

ಮಕ್ಕಳು ಗೋಡೆಗೆ ಸರಿದರು. ಟೈಲರಕ್ಕ ಚಾಪೆಯ ಮೇಲಿಂದ ತಲೆಯೆತ್ತಿ ನೋಡಿದಳು.

"ಎಲ್ಲೂ ಬರ್ದಿಲ್ಲಣ್ಣಾ. ನಾನೇ ಸೇರಿಸಿದ್ದು."

"ದೇವರ ಮಾತಿಗೆ ಸೇರಿಸೋಕೆ ನೀವ್ಯಾರು? ಬಟ್ಟೆಗೆ ಅಂಚು ಹಚ್ಚೋ ಹಾಗೆ ಅಂದ್ಕೊಂಡ್ರಾ? ಮಕ್ಕಳ ಮುಂದೆ ಸುಳ್ಳು ಹೇಳ್ತೀರಾ?"

ಸುಳ್ಳು ಎಂಬ ಮಾತು ಕೇಳಿದ್ದೇ ಅವಳು ಎದ್ದಳು. ಮಕ್ಕಳನ್ನು ಎಬ್ಬಿಸಿ ಚಾಪೆ ಸುತ್ತಿದಳು, ಸುತ್ತಿದ ಚಾಪೆಯನ್ನು ಮೂಲೆಗೆ ಒರಗಿಸಿ ಹೊರಟಳು.

ಪಾಸ್ಟರ್ ಶಾಂತಿಪ್ರಿಯರು. ಗದ್ದಲ ಮಾಡಿದವನನ್ನು ಸಮಾಧಾನ ಮಾಡುವುದೇ ಶಾಂತಿ ಎಂದು ತಿಳಿದವರು. ಹೇಗೂ ಒಳಗೆ ಬಂದಿದ್ದಾನಲ್ಲ, ಮತ್ತೆ ಹೊರಗೆ ಹೋಗದಿರಲಿ ಎಂದು ಮಕ್ಕಳ ತರಗತಿಯ ಮೇಲ್ವಿಚಾರಣೆಯನ್ನು ಅವನಿಗೇ ಕೊಟ್ಟರು. ಗೇಟಿನ ಬದಲು ಹಿಂದಿನ ಸಣ್ಣ ಬಾಗಿಲಿನಿಂದ ಬರಲು ಒಪ್ಪಿಗೆಯೂ ಸಿಕ್ಕಿತು. ವೆಲ್ಡರ್ ಗೆದ್ದೆ ಎಂದುಕೊಂಡ.

ಅಂದಿನಿಂದ ಟೈಲರಕ್ಕ ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಇದ್ದದ್ದನ್ನು ಇದ್ದ ಹಾಗೆ. ವೆಲ್ಡರ್ ಬಾಗಿಲಲ್ಲಿ ನಿಂತು ಮಕ್ಕಳಿಗೆ ಒಂದೇ ಪಾಠ ಕಲಿಸಿದ: ಯಾರು ಏನೇ ಹೇಳಲಿ, ಸತ್ಯವೇದದ ಯಾವ ವಚನ ಎಂದು ಕೇಳಬೇಕು. ಮಕ್ಕಳು ಚೆನ್ನಾಗಿ ಕಲಿತರು. ಅಮ್ಮ ಸ್ನಾನಕ್ಕೆ ಕರೆದರೆ "ಯಾವ ವಚನ?" ಅಪ್ಪ ಓದಿಕೋ ಎಂದರೆ "ಯಾವ ವಚನ?" ಸಭೆ ನಕ್ಕಿತು, ವೆಲ್ಡರ್ ಹಿಗ್ಗಿದ. ಕಿಟಕಿಯಿಂದ ನಗು ಕೇಳುವುದು ನಿಂತದ್ದು ಅವನ ಕಿವಿಗೆ ಬೀಳಲೇ ಇಲ್ಲ, ಅವನೀಗ ಕಿಟಕಿಯ ಹೊರಗೆ ಇರಲಿಲ್ಲವಲ್ಲ.

ವರ್ಷಗಳು ಹೋದವು. ಡ್ರೈವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚಿನ ಭಾನುವಾರ ಅವನು ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಹಿಡಿದು ಬೀಳ್ಕೊಂಡ. ಎಲ್ಲರೂ ಹೋದ ಮೇಲೂ ಇನ್ನೊಬ್ಬರು ಬರಬೇಕು ಎನ್ನುವ ಹಾಗೆ ನಿಂತೇ ಇದ್ದನಂತೆ. ವೆಲ್ಡರ್ ಹಿಂಬಾಗಿಲಿನಿಂದ ಮನೆಗೆ ಹೋಗಿ ಊಟಕ್ಕೆ ಕೂತಾಗಿತ್ತು.

ಅವನ ಮೊಮ್ಮಗಳು ಗುಬ್ಬಿ ಮಕ್ಕಳ ತರಗತಿಗೆ ಸೇರಿದ್ದು ಈ ವರ್ಷ. ಮೊನ್ನೆ, ಅವನು ಬಾಗಿಲಲ್ಲಿ ನಿಲ್ಲಲಾಗದ ಒಂದು ಭಾನುವಾರ, ಅವಳು ಸ್ಕೂಟರಿನ ಹಿಂದೆ ಕೂತು ಬರುವಾಗ ಅವನು ಕೇಳಿದ: "ಏನು ಕತೆ ಇವತ್ತು?"

"ಯೋನ. ಟೈಲರಜ್ಜಿ ಓದಿದ್ರು."

"ಚೆನ್ನಾಗಿತ್ತಾ?"

"ದೇವರು ಏನೋ ಕೇಳ್ತಾನೆ, ಅವನು ಸುಮ್ನೆ ಕೂತಿರ್ತಾನೆ. ಆಮೇಲೇನಾಯ್ತು ಅಂದ್ರೆ ಪುಸ್ತಕದಲ್ಲಿ ಇರೋದು ಅಷ್ಟೇ ಅಂತ ಅಜ್ಜಿ ಮುಚ್ಚಿಬಿಟ್ರು. ಅವನು ಊರೊಳಗೆ ಹೋದ್ನಾ ತಾತ?"

ವೆಲ್ಡರ್ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಹ್ಯಾಂಡಲ್ ಹಿಡಿದೇ ಕೂತ. ಬಾಗಿಲು ಕಾಯುವವನು, ನೀರು, ಬನ್ನಿ ಅಣ್ಣಾ. ಅವತ್ತು ಅವನಿಗೆ ಅದೆಲ್ಲ ಬೋಳು ತಲೆಯ ಹಾಸ್ಯದ ಹಾಗೆ ಅಣಕವಾಗಿಯೇ ಕೇಳಿಸಿತ್ತು. ಅದು ಕರೆಯಾಗಿ ಈಗ, ಇಷ್ಟು ವರ್ಷದ ಮೇಲೆ, ದಾರಿ ಮಧ್ಯೆ ಕೇಳಿಸಿತು.

"ಪೆಟ್ರೋಲ್ ಮುಗೀತಾ ತಾತ?" ಎಂದಳು ಗುಬ್ಬಿ.

ಮಾರನೆಯ ದಿನ ಟೈಲರಕ್ಕನ ಅಂಗಡಿಗೆ ಹೋದ. ಅವಳು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಮಡಿಸುತ್ತಿದ್ದಳು. ಕಣ್ಣಲ್ಲೇ ಸ್ಟೂಲು ತೋರಿಸಿದಳು. ಅವನು ಕೂರಲಿಲ್ಲ.

"ಅಕ್ಕಾ, ಬರೋ ಭಾನುವಾರ ಆ ಯೋನನ ಕತೆ ಹೇಳಿ. ನಿಮ್ಮ ಹಾಗೆ. ನಾನು ಬಾಗಿಲಲ್ಲಿ ನಿಲ್ಲಲ್ಲ."

ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಅದೀಗ ಬರಲ್ಲಣ್ಣಾ."

"ನನ್ನ ಮೇಲೆ ಸಿಟ್ಟಾ?"

"ನಿಮ್ಮಷ್ಟು ಸಿಟ್ಟು ಇಟ್ಕೊಳ್ಳೋಕೆ ಜಾಗ ಬೇಕಲ್ಲ, ಈ ಅಂಗಡಿ ಸಣ್ಣದು." ಅವಳು ನಕ್ಕಳು. ಆಮೇಲೆ ನಗು ಇಳಿಯಿತು. "ಸಿಟ್ಟಿಲ್ಲ. ಬಾಯಿ ತೆಗೆದ್ರೆ ನಿಮ್ಮ ಕಿವಿ ಕೆಂಪಾಗೋದು ಕಾಣತ್ತೆ. ಕತೆ ಓಡಿಹೋಗತ್ತೆ. ಮೊದಮೊದಲು ಮನೇಲಿ ಗೋಡೆಗೆ ಹೇಳ್ಕೊಂಡು ನೋಡ್ದೆ. ಆಮೇಲೆ ಅದೂ ನಿಂತೋಯ್ತು."

ವೆಲ್ಡರ್ ಸ್ಟೂಲು ಎಳೆದುಕೊಂಡು ಕೂತ.

"ಕಿಟಕಿ ಹೊರಗೆ ನೀವು ನಗೋದು ನಂಗೆ ಕೇಳಿಸ್ತಿತ್ತಣ್ಣಾ," ಎಂದಳು ಅವಳು. "ಎಷ್ಟು ನಗ್ತಿದ್ರಿ! ಇಷ್ಟು ನಗೋ ಮನುಷ್ಯ ಒಳಗೆ ಬರೋಕೆ ಒಂದು ದಾರಿ ಮಾಡಿಕೊಟ್ರೆ ಬಂದೇ ಬರ್ತಾನೆ ಅನ್ಕೊಂಡೆ. ಆ ಡ್ರೈವರಿಗೂ ಹೇಳಿದ್ದೆ, ಇವತ್ತು ಗೇಟಿನಲ್ಲಿ ತಯಾರಾಗಿ ನಿಂತಿರಪ್ಪಾ ಅಂತ. ಒಂದು ಲೋಟ ನೀರು ಕೂಡ ಇಟ್ಕೊಂಡಿದ್ದ, ಪಾಪ."

ಅವನ ಕಿವಿ ಕೆಂಪಾಯಿತು. ಈ ಸಲ ಸಿಟ್ಟಿಗಲ್ಲ.

"ಅವನು ಈಗ ಎಲ್ಲಿದ್ದಾನೆ?"

"ಯಾರಿಗೆ ಗೊತ್ತು. ಹೋದೋನು ಯಾರನ್ನು ನೋಡೋಕೆ ಬರ್ತಾನೆ?" ಅವಳು ಮತ್ತೆ ಪಿನ್ನುಗಳನ್ನು ಕೈಗೆತ್ತಿಕೊಂಡಳು. "ಕತೆ ನಿಮಗೆ ಬರತ್ತಲ್ಲ. ನೀವೇ ಹೇಳಿ."

ಭಾನುವಾರ ವೆಲ್ಡರ್ ಹಿಂಬಾಗಿಲು ಬಿಟ್ಟು ಗೇಟಿನಿಂದ ಬಂದ. ಗೇಟು ತೆರೆದೇ ಇತ್ತು, ಅಲ್ಲಿ ಯಾರೂ ಇರಲಿಲ್ಲ. ಮಕ್ಕಳ ಕೋಣೆಯಲ್ಲಿ ಚಾಪೆಯ ಮೇಲೆ ಕಷ್ಟಪಟ್ಟು ಮಂಡಿ ಮಡಿಸಿ ಕೂತ. ಟೈಲರಕ್ಕ ಹಿಂದೆ ಗೋಡೆಗೆ ಒರಗಿದ್ದಳು. ಮಕ್ಕಳು ಪುಸ್ತಕ ತೆರೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಅವನು ಹೇಳಿದ. ಕತೆ ಅವನ ಬಾಯಲ್ಲಿ ಕಬ್ಬಿಣದ ಹಾಗೆ ಬಿರುಸಾಗಿತ್ತು. ಮೀನು ನುಂಗಿತು ಎಂದ, ಕಕ್ಕಿತು ಎಂದ. ಬೋಳು ತಲೆಯ ಮಾತನ್ನೂ ತಾನೇ ಹೇಳಿ ತನ್ನ ನೆತ್ತಿಯ ಮೇಲೆ ಬಡಿದು ತೋರಿಸಿದ. ಒಂದಿಬ್ಬರು ಪುಸ್ತಕದಲ್ಲಿ ಬೆರಳಾಡಿಸಿ ಹುಡುಕಿದರು. ಯಾರೂ ನಗಲಿಲ್ಲ.

"ದೇವರು ಹಾಗೆ ಕೇಳಿದ ಮೇಲೆ ಯೋನ ಎದ್ದ," ಎಂದ ವೆಲ್ಡರ್. ಅವನ ದನಿ ಸಣ್ಣಗಾಯಿತು. "ಊರ ಬಾಗಿಲಿಗೆ ಬಂದ. ಅಲ್ಲಿ ಒಬ್ಬ ನಿಂತಿದ್ದ. ಬನ್ನಿ ಅಣ್ಣಾ ಅಂದ. ಯೋನ... ಯೋನ ಅವನ ಕೈ ಹಿಡ್ಕೊಂಡು ಒಳಗೆ ಹೋದ."

ಗುಬ್ಬಿ ಪುಸ್ತಕದಿಂದ ತಲೆಯೆತ್ತಿದಳು. ಮುಖದಲ್ಲಿ ಕುಚೋದ್ಯ ಏನೂ ಇರಲಿಲ್ಲ. ಕಲಿಸಿದ್ದನ್ನು ಕಲಿತ ಮಗುವಿನ ಮುಖ.

"ಯಾವ ವಚನ ತಾತ?"

ವೆಲ್ಡರ್ ಟೈಲರಕ್ಕನ ಕಡೆ ನೋಡಿದ. ಅವಳು ಏನಾದರೂ ಹೇಳಬಹುದು, ಒಂದು ತಮಾಷೆ, ಒಂದು ಮಾತು. ಅವಳು ಪಕ್ಕದಲ್ಲಿದ್ದ ಮಗುವಿನ ಲಂಗದ ಬಿಚ್ಚಿದ ಅಂಚನ್ನು ಬೆರಳಿನಿಂದ ಮಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ವಚನ ಇಲ್ಲ ಮಗಾ," ಎಂದ ಅವನು.

ಗುಬ್ಬಿ ಮತ್ತೊಮ್ಮೆ ಕೊನೆಯ ಸಾಲಿನವರೆಗೂ ಬೆರಳು ಆಡಿಸಿ ನೋಡಿದಳು. ಪಕ್ಕದವಳಿಗೂ ತೋರಿಸಿದಳು. ಆಮೇಲೆ ಪುಸ್ತಕ ಮುಚ್ಚಿದಳು.

"ಹಾಗಾದ್ರೆ ಅವನು ಒಳಗೆ ಹೋಗ್ಲಿಲ್ಲ ಬಿಡು ತಾತ," ಎಂದಳು.