ಎದ್ದುಹೋದ ಅಧ್ಯಕ್ಷೆ

ನಾನು ತೋಳಿರುವ ಒಂದು ತೇಗದ ಕುರ್ಚಿ. ಧಾರವಾಡದ ಬಡಿಗನೊಬ್ಬ ವಕೀಲರೊಬ್ಬರಿಗಾಗಿ ನನ್ನನ್ನು ಮಾಡಿದ. ವಕೀಲರು ತೀರಿಕೊಂಡ ಮೇಲೆ ಅವರ ಮನೆಯವರು ನನ್ನನ್ನು ಗದಗಿನ ಅಂಧ ಬಾಲಕಿಯರ ವಸತಿಗೃಹಕ್ಕೆ ದಾನ ಕೊಟ್ಟರು. ಅಲ್ಲಿ ನಾನು ವಸತಿಗೃಹ ನಡೆಸುವ ಟ್ರಸ್ಟಿನ ಅಧ್ಯಕ್ಷರ ಕುರ್ಚಿಯಾದೆ. ನನ್ನ ಮೇಲೆ ಬಹಳ ಕಾಲ ಕೂತವರು ನೀಲಗಂಗಾ ಬಾಗೇವಾಡಿ.

ಅವರು ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಬಟ್ಟೆ ವ್ಯಾಪಾರಿ ರಾಚಯ್ಯ ಸಾಲಿಮಠ ತಾನೂ ಟ್ರಸ್ಟಿನ ನಿರ್ದೇಶಕನಾಗುತ್ತೇನೆಂದು ಬಂದಾಗ ಅವರ ಬೆರಳುಗಳು ನನ್ನ ತೋಳನ್ನು ಬಿಗಿಹಿಡಿದವು. ಕೇಳದೆಯೇ ಬಂದವನಿಗೆ ಏನೋ ಬೇಕಾಗಿರುತ್ತದೆ ಎಂಬುದು ಅವರ ಎಣಿಕೆ.

ಸಭೆಯಲ್ಲಿ ನೀಲಗಂಗಾ ಅವನನ್ನು ನಿಯಮದಂತೆ ಒಂದೊಂದಾಗಿ ಕೇಳಿದರು. ದಿವಾಳಿ ಆಗಿದ್ದಾನೆಯೇ? ಜೈಲು ಕಂಡಿದ್ದಾನೆಯೇ? ಇಲ್ಲ, ಇಲ್ಲ.

"ನಿಮ್ಮ ಮನೀ ಮಂದಿ ಯಾರರೆ ಈ ಸಂಸ್ಥೆಯಿಂದ ಪಗಾರ ತಗೋತಾರೇನು? ಹಂಗಿದ್ರ ನಿರ್ದೇಶಕರಾಗಾಕ ಬರೂದಿಲ್ಲ."

"ಇಲ್ರೀ."

"ಮತ್ತ ಯಾಕ ಬಂದ್ರಿ?"

"ನನ್ನ ಕಣ್ಣು ಹೊಂಟಾವ್ರಿ. ಮುಂದ ಹೆಂಗ ಬಾಳ್ವೆ ಮಾಡಬೇಕಂತ ಈ ಹುಡುಗೇರ ಕಡೆ ಕಲೀಬೇಕಾಗೇತಿ." ಅವನು ಮೆಲ್ಲಗೆ ಕೇಳಿದ, "ಆ ಪಗಾರದ ನಿಯಮ ಎಲ್ಲಾರಿಗೂ ಐತೇನ್ರಿ?"

ಅವನಿಗೆ ಏನಾದರೂ ಗೊತ್ತಿತ್ತೋ, ಸುಮ್ಮನೆ ಕೇಳಿದನೋ, ನನಗೆ ಇಂದಿಗೂ ತಿಳಿದಿಲ್ಲ. ನೀಲಗಂಗಾ ಅವರ ಬೆರಳುಗಳು ನನ್ನ ತೋಳನ್ನು ಬಿಟ್ಟವು. ವಿಧವೆಯಾದ ತಂಗಿ ಶಾಂಭವಿಯನ್ನು ಅಲ್ಲಿ ವಾರ್ಡನ್ ಮಾಡಿದವರು ಅವರೇ.

"ಐತಿ. ನನ್ನ ತಂಗಿ ಇಲ್ಲೇ ಪಗಾರ ತಗೋತಾಳ."

"ಇರ್ಲಿ ಬಿಡ್ರಿ ಅಕ್ಕಾರ, ಯಾರು ಕೇಳ್ತಾರ?" ಎಂದರು ಉಳಿದ ನಿರ್ದೇಶಕರು.

"ಈಗ ಕೇಳಿದ್ರಲ್ಲ. ತಂಗಿಗೆ ಕೆಲಸ ಬೇಕು. ನನಗ ಕುರ್ಚಿ ಬ್ಯಾಡ."

ಹಾಗೆಂದು ಎದ್ದು ಹೊರಟರು.

ವರ್ಷಗಳು ಕಳೆದವು. ನನ್ನ ಒಂದು ಕಾಲು ಸಡಿಲವಾಯಿತು. ಹೊಸ ಅಧ್ಯಕ್ಷರಿಗೆ ಗಾಲಿಗಳಿರುವ ಆಫೀಸು ಕುರ್ಚಿ ಬಂತು, ನಾನು ಪಡಸಾಲೆಯ ಮೂಲೆ ಸೇರಿದೆ. ನನ್ನ ಮೇಲೆ ಕೂರಲು ಬಯಸಿದವರನ್ನು ಬಹಳ ಕಂಡೆ. ತಾವಾಗಿ ಎದ್ದವರು ಅವರೊಬ್ಬರೇ.

ತಂಗಿಯನ್ನು ನೋಡಲು ಬಂದಾಗ ನೀಲಗಂಗಾ ನನ್ನ ಮೇಲೆಯೇ ಕೂರುತ್ತಾರೆ. ಕಣ್ಣು ಹೋದ ರಾಚಯ್ಯ, ಹುಡುಗಿಯರಿಂದ ಕಲಿತಂತೆ ಕೋಲು ತಟ್ಟುತ್ತ ಬಂದರೆ ಅವರ ಬೆರಳುಗಳು ಈಗಲೂ ಬಿಗಿಯುತ್ತವೆ. ಪೂರ್ತಿ ನಂಬಿಕೆ ಬಂದಿಲ್ಲ. ಆದರೂ ಅವನು ಹತ್ತಿರವಾಗುತ್ತಿದ್ದಂತೆ, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳುತ್ತಾರೆ:

"ಸಾವಕಾಶ. ಮುಂದ ಮೆಟ್ಟಲ ಐತಿ."