ಎಪ್ಪತ್ಮೂರನೆಯ ಹೆಸರು

ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತುಬಿಡುತ್ತಿತ್ತು. ಆಮೇಲೆ, ವರದಿ ಎಕ್ಸ್‌ಪೋರ್ಟ್ ಆಗಲಿಲ್ಲ ಎಂಬ ಒಂದೇ ಸಾಲು.

ಆಗ ನಾನು ಚಿಕ್ಕದೊಂದು ಕಣ್ಣಾಸ್ಪತ್ರೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ನಾವು ನಡೆಸಿದ ತಪಾಸಣಾ ಶಿಬಿರದಲ್ಲಿ ನೂರಾ ಹದಿನೆಂಟು ಜನರಿಗೆ ಕಣ್ಣಿನ ಪೊರೆ ಇರುವುದು ಗೊತ್ತಾಗಿತ್ತು. ಅವರ ಪಟ್ಟಿಯನ್ನು ನಮ್ಮ ಡೇಟಾಬೇಸಿನಿಂದ ಪಿಡಿಎಫ್ ಮಾಡಿ, ನಾಲ್ಕು ಗಂಟೆಯೊಳಗೆ ನಗರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮರುದಿನ ಬೆಳಿಗ್ಗೆ ಬಸ್ಸು ಬರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಆಪರೇಷನ್ನಿಗೆ ಹಾಸಿಗೆ.

ಬೇರೆ ಫೋಲ್ಡರಿಗೆ ಉಳಿಸಿ ನೋಡಿದೆ. ಪ್ರಿಂಟರ್ ಬದಲಿಸಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ನೀಲಿ ಪಟ್ಟಿ ಅಲ್ಲೇ ನಿಂತಿತು.

“ಹೋತೇನ್ರಿ?” ಹಿರಿಯ ನರ್ಸ್ ದಾಕ್ಷಾಯಣಿ ಎರಡು ಸಲ ಬಂದು ಕೇಳಿದರು.

“ಇನ್ನೂ ಇಲ್ರಿ ಸಿಸ್ಟರ್.”

ಮೂರೂವರೆಗೆ ಪಟ್ಟಿಯನ್ನು ಎರಡು ತುಂಡು ಮಾಡಿದೆ. ಮೊದಲ ತುಂಡು ಸಲೀಸಾಗಿ ಹೋಯಿತು. ಎರಡನೆಯದನ್ನು ಮತ್ತೆ ಸೀಳಿದೆ, ಇನ್ನೊಮ್ಮೆ ಸೀಳಿದೆ. ಕೊನೆಗೆ ಉಳಿದದ್ದು ಒಂದೇ ಸಾಲು. ಎಪ್ಪತ್ಮೂರು, ದ್ಯಾಮವ್ವ. ಜನ್ಮದಿನದ ಜಾಗ ಖಾಲಿ. ಕಂಪ್ಯೂಟರ್ ಹಾಕುವ ವಯಸ್ಸಿನ ಲೆಕ್ಕ ಅಲ್ಲಿ ಮುಗ್ಗರಿಸುತ್ತಿತ್ತು.

ಗಂಟೆ ನಾಲ್ಕಕ್ಕೆ ಐದು ನಿಮಿಷ ಕಡಿಮೆ. ಸದ್ಯಕ್ಕೆ ಎಂದುಕೊಂಡು ಆ ಸಾಲನ್ನು ತೆಗೆದೆ. ಪಟ್ಟಿ ಹೋಯಿತು. ಆಮೇಲೆ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಒಂದು ಹೆಸರು ಸೇರಿಸಿ ಎಂದರಾಯಿತು ಅಂದುಕೊಂಡೆ.

“ಎಲ್ಲಾ ಹೋದ್ವೇನ್ರಿ?”

“ಎಲ್ಲಾ ಹೋದ್ವು ಸಿಸ್ಟರ್,” ಎಂದೆ. ಅವರು ಚಹಾ ತರಿಸಿದರು. ಗೆದ್ದ ಹುಮ್ಮಸ್ಸಿನಲ್ಲಿ ಫೋನು ಮರೆತೇಹೋಯಿತು.

ಬೆಳಿಗ್ಗೆ ಬಸ್ಸು ಹತ್ತುವವರ ಹೆಸರು ಕೂಗಿ ಮುಗಿದರೂ ಮೆಟ್ಟಿಲ ಬಳಿ ಒಬ್ಬ ಮುದುಕಿ ಗಂಟು ಹಿಡಿದು ನಿಂತೇ ಇದ್ದಳು.

“ನನ್ನ ಹೆಸರು ಕೂಗಲಿಲ್ಲಲ್ಲೋ ತಮ್ಮಾ. ದ್ಯಾಮವ್ವ ಅಂತ.”

“ಕಂಪ್ಯೂಟರ್‌ದಾಗ ಏನೋ ತಪ್ಪಾಗೇತಿ ಬೇ,” ಎಂದೆ.

“ಇರ್ಲಿ ಬಿಡು. ಪಾಪ, ಅದಕ್ಕೇನ್ ತಿಳಿತೈತಿ?” ಎಂದು ಮೆಟ್ಟಿಲ ಮೇಲೆ ಕೂತಳು.

ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. “ಕಂಪ್ಯೂಟರಿನ ತಪ್ಪಲ್ಲ ಬೇ. ನಿಮ್ಮ ಹೆಸರು ನಾನೇ ತಗದೆ,” ಎಂದೆ.

ದಾಕ್ಷಾಯಣಿ ಸಿಸ್ಟರ್ ತಿರುಗಿದರು. “ಎಲ್ಲಾ ಹೋದ್ವು ಅಂದಿದ್ರಲ್ಲ?”

“ಸುಳ್ಳು ಹೇಳಿದೆ ಸಿಸ್ಟರ್.”

ಅವರು ಸಿಟ್ಟಾಗಲಿಲ್ಲ. “ಹಂಗಾದ್ರ ನೀವೂ ಬಸ್ ಹತ್ರಿ. ಅಕಿ ಕೈ ಹಿಡಕೊಂಡು ಹೋಗ್ರಿ,” ಎಂದಷ್ಟೇ ಹೇಳಿದರು.

ಹೆಸರಿಲ್ಲದವರಿಗೆ ಹಾಸಿಗೆ ಇಲ್ಲ ಎಂದು ದೊಡ್ಡ ಆಸ್ಪತ್ರೆಯವರು ಕೈ ಆಡಿಸಿದರು. ಆ ದಿನ ಇಬ್ಬರೂ ಪಡಸಾಲೆಯ ಬೆಂಚಿನ ಮೇಲೆ ಕಳೆದೆವು. ಅವಳ ಗಂಟಿನ ರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟಳು. ಮರುದಿನ ಯಾರದೋ ಸಕ್ಕರೆ ಕಾಯಿಲೆ ಏರಿ ಆಪರೇಷನ್ ಮುಂದಕ್ಕೆ ಹೋಯಿತು. ಆ ಹಾಸಿಗೆ ಇವಳಿಗೆ ಸಿಕ್ಕಿತು. ಫಾರ್ಮಿನಲ್ಲಿ ಮತ್ತದೇ ಜನ್ಮದಿನ. ಮದುವೆಯಾದಾಗ ಎಷ್ಟು ವಯಸ್ಸು, ಆಮೇಲೆ ಎಷ್ಟು ವರ್ಷಕ್ಕೆ ಮೊದಲ ಮಗ, ಅವನಿಗೀಗ ಎಷ್ಟು ಎಂದು ಕೇಳುತ್ತ ಹೋದೆ. ಅರವತ್ತೆಂಟು ಎಂದಾಯಿತು. ಎರಡು ನಿಮಿಷ ಹಿಡಿಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಎದುರಿಗೇ ನಿಂತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ತನ್ನ ಕೈಯನ್ನು ಮುಖದ ಹತ್ತಿರ ಎತ್ತಿಕೊಂಡಳು.

“ಬಳಿಗಾರಗ ಹಸರು ಬಳಿ ಇಡು ಅಂದಿದ್ದೆ,” ಎಂದಳು. “ಹಸರೇ ಇಟ್ಟೇನಿ ಅಂದಿದ್ದ. ಕೆಂಪು ಇಟ್ಟಾನ ನೋಡು.”

ಅವಳು ಕಿಟಕಿಯ ಬೆಳಕಿನತ್ತ ಕೈ ಚಾಚಿ, ಆ ಕೆಂಪು ಬಳೆಗಳನ್ನು ನಿಧಾನವಾಗಿ ತಿರುಗಿಸುತ್ತ ಕೂತಳು.